ಮೂರು ಕುರಿ, ಒಂದು ಕೂಸು

ಕರೆಮ್ಮ ಆ ಮಾತು ಆಡಬಾರದಿತ್ತು. ಆಡಿದ ಗಳಿಗೆಯಲ್ಲೇ ಅದು ಅವಳಿಗೂ ತಿಳಿಯಿತು. ಆದರೆ ಆಷಾಢದ ಬೆಳಿಗ್ಗೆ, ಹಸಿ ಕಟ್ಟಿಗೆಯ ಹೊಗೆ ಕುಡಿಯುತ್ತ ಹದಿನೆಂಟು ರೊಟ್ಟಿ ಬಡಿದು ಹತ್ತೊಂಬತ್ತನೆಯದಕ್ಕೆ ಕೈಹಾಕಿದ ಹೆಂಗಸು ಮಾತು ತೂಗಿ ಆಡುವುದಿಲ್ಲ.

ಸಂಗತಿ ಹೊಸದೇನಲ್ಲ. ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಅಣ್ಣ ಹಣಮಂತ್ರಾಯ ಫೋನ್ ಮಾಡಿ, ನಾಗರ ಪಂಚಮಿಗೆ ತವರಿಗೆ ಕರೆಯಲು ಬರುತ್ತೇನೆ ಅಂದಿದ್ದ. ಅವಳು ಫೋನ್ ಇಡುವಷ್ಟರಲ್ಲಿ ಅತ್ತೆ ಅಂಬವ್ವ ಪಡಸಾಲೆಯಲ್ಲಿ ಮೊಣಕಾಲು ಹಿಡಿದುಕೊಂಡು ನರಳತೊಡಗಿದ್ದಳು. ಹಬ್ಬಕ್ಕೆ ಇನ್ನೂ ಐದು ವಾರ ಇತ್ತು; ಮೊಣಕಾಲು ಮಾತ್ರ ಆಗಲೇ ಸಿದ್ಧವಾಗಿತ್ತು.

"ಕರೆಮ್ಮ, ಈ ಸಲ ನನ್ನ ಕೈಲೆ ಏಳಾಕ ಆಗಂಗಿಲ್ಲ ನೋಡು. ಹೋದ್ರ ಎರಡ ದಿನದಾಗ ತಿರುಗಿ ಬಾ. ಹೋಗಲಿಲ್ಲಂದ್ರ ಇನ್ನೂ ಚಲೋ."

"ಹೋದ ವರ್ಷ ಎದಿ ನೋವಿತ್ತು. ಅದರ ಹಿಂದಿನ ವರ್ಷ ಕೋಳಿ ಕಾವಿಗೆ ಕುಂತದ ಅಂದ್ರಿ. ಕೋಳಿ ಕಾವಿಗೆ ಕುಂತ್ರ ನಾನೂ ಕುಂದ್ರಬೇಕೇನ್ರಿ?"

"ಬಾಯಿ ಭಾಳ ಆಗ್ಯದ ನಿಂದು."

"ಇಪ್ಪತ್ತಾರು ವರ್ಷ ಆತ್ರಿ ಈ ಮನಿಗೆ ಬಂದು. ಒಂದ ವರ್ಷರ ಐದು ದಿನ ಅವ್ವನ ಮನ್ಯಾಗ ಇದ್ದೀನೇನು? ನಿಮಗ ತವರಿಲ್ಲಂತ ನನಗೂ ಇರಬಾರದೇನ್ರಿ?"

ಅಂಬವ್ವ ತಿರುಗಿ ಬೈದಿದ್ದರೆ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಕೋಲು ಹಿಡಿದು ಎದ್ದವಳು, ಮೊಣಕಾಲಿನ ನೆನಪೇ ಇಲ್ಲದವಳಂತೆ ಸೀದಾ ಹಿತ್ತಿಲಿಗೆ ಹೋಗಿ ಕುರಿ ದೊಡ್ಡಿಯಲ್ಲಿ ಕುಳಿತಳು. ಮಧ್ಯಾಹ್ನ ಕರೆಮ್ಮ ರೊಟ್ಟಿ, ಪುಂಡಿಪಲ್ಲೆ ಹಾಕಿ ಒಯ್ದಿಟ್ಟ ತಾಟು ಸಂಜೆಗೆ ಹಾಗೇ ತಿರುಗಿ ಬಂತು.

ಅಂಬವ್ವನಿಗೆ ತವರಿಲ್ಲ ಎಂಬುದು ಅವರ ಊರು ಬಳಿಚಕ್ರದಲ್ಲಿ ಎಲ್ಲರಿಗೂ ಗೊತ್ತು, ಎದುರಿಗೆ ಯಾರೂ ಅನ್ನುವುದಿಲ್ಲ. ಅದು ನಿಜಾಮನ ಆಳ್ವಿಕೆಯ ಕೊನೆಯ, ರಜಾಕಾರರ ಗದ್ದಲದ ವರ್ಷ. ಶಹಾಪುರದ ಗುಡ್ಡದ ಕೆಳಗೆ ಒಬ್ಬ ರೈತನ ಹೊಲದಲ್ಲಿ, ಗೊಬ್ಬರಕ್ಕೆಂದು ಎರಡು ಊರಿನ ಕುರಿ ಹಿಂಡುಗಳು ಒಟ್ಟಿಗೆ ತಂಗಿದ್ದವು. ಒಂದು ಈ ಮನೆಯದು, ಇನ್ನೊಂದು ಎಲ್ಲಿಯದೋ. ನಸುಕಿಗೆ ಮುಂಚೆ ಯಾರೋ ಓಡಿಬಂದು ರಜಾಕಾರರ ಮಂದಿ ಬರುತ್ತಿದ್ದಾರೆ ಅಂದರು. ದೀಪ ಹಚ್ಚಲೂ ಹೆದರಿ ಕತ್ತಲಲ್ಲೇ ಹಿಂಡು ಬೇರೆ ಮಾಡಿಕೊಂಡು, ಒಬ್ಬರು ಆ ಕಡೆ ಒಬ್ಬರು ಈ ಕಡೆ ಹೊರಟರು. ಕುರಿ ಹಿಂದೆ ಹೋಗುವವರು ನಡೆಯಲಾರದ ಮರಿಗಳನ್ನೂ ಕೂಸುಗಳನ್ನೂ ಕತ್ತೆಯ ಮೇಲಿನ ಚೀಲದಲ್ಲಿ ಕೂರಿಸಿ ಕಂಬಳಿ ಹೊದಿಸುತ್ತಾರೆ. ಇವರು ಭೀಮಾ ಹೊಳೆ ದಾಟಿ, ಬೆಳಕು ಹರಿದ ಮೇಲೆ ಕಂಬಳಿ ಸರಿಸಿದರೆ ಎರಡು ಮರಿಗಳ ನಡುವೆ ನಾಲ್ಕು ವರ್ಷದ ಹೆಣ್ಣುಕೂಸೊಂದು ನಿದ್ದೆ ಮಾಡುತ್ತಿತ್ತು. ಹಿಂಡಿನಲ್ಲೂ ಮೂರು ಕುರಿ ಅವರವು ಸೇರಿಕೊಂಡಿದ್ದವು. ಅದೇ ದಿನ ಹೊಳೆ ತುಂಬಿತು. ನೀರು ಇಳಿದು, ದಾಟಿ ಹಿಂದಿರುಗಿ ನೋಡುವ ಹೊತ್ತಿಗೆ ಆ ಹೊಲದಲ್ಲಿ ಕುರಿ ಹಿಕ್ಕೆ ಮಾತ್ರ ಉಳಿದಿತ್ತು.

ಕುರಿಗಾದರೆ ಗುರುತಿರುತ್ತದೆ. ಒಂದೊಂದು ಮನೆತನದವರು ಮರಿಯ ಕಿವಿಗೆ ಒಂದೊಂದು ರೀತಿ ಕಚ್ಚು ಹಾಕುತ್ತಾರೆ. ಈ ಮನೆಯದು ಎಡಗಿವಿಯ ತುದಿ ಅಡ್ಡ ಕೊಯ್ದದ್ದು. ಆ ಮೂರು ಕುರಿಗಳದು ಬಲಗಿವಿಯ ತುದಿ ಸೀಳಿ, ಹಿಂದಿನ ಅಂಚಿಗೆ ಎರಡು ಕಚ್ಚು. ಕೂಸಿಗೆ ಯಾವ ಗುರುತೂ ಇರಲಿಲ್ಲ. ಹೆಸರು ಕೇಳಿದರೆ ಅಳುತ್ತಿತ್ತು. ಇವರೇ ಅಂಬವ್ವ ಎಂದು ಕರೆದರು, ಸಾಕಿದರು, ಮುಂದೆ ಮಗ ಸಾಬಣ್ಣನಿಗೆ ಮದುವೆ ಮಾಡಿಕೊಂಡರು. ಇನ್ನೊಬ್ಬರ ಕುರಿಯ ಗುರುತು ಅಳಿಸುವುದು ಪಾಪವೆಂದು ಆ ಮೂರರ ಸಂತಾನಕ್ಕೆ ಇವತ್ತಿಗೂ ಅದೇ ಕಚ್ಚು ಹಾಕುತ್ತ ಬಂದಿದ್ದರು. ದೊಡ್ಡಿಯ ನೂರಾ ಹತ್ತರಲ್ಲಿ ಈಗ ನಲವತ್ತು ಆ ಗುರುತಿನವು. ಮನೆಯಲ್ಲಿ ಅವಕ್ಕೆ ಅಂಬವ್ವನ ಕುರಿ ಎಂದೇ ಹೆಸರು.

ಸಣ್ಣವಳಿದ್ದಾಗ ಮನೆಯ ಯಾರೋ ಹಿರಿಯಳು ಸಿಟ್ಟಿನಲ್ಲಿ ಅವಳಿಗೆ ಅಂದಿದ್ದಳಂತೆ: "ಹೆಣ್ಣು ಅಂತ ಬೇಕಂತಲೇ ನಮ್ಮ ಕತ್ತಿ ಚೀಲದಾಗ ಹಾಕಿ ಹೋಗ್ಯಾರ ನಿನ್ನ." ಅಂದವಳು ಸತ್ತು ಎಷ್ಟೋ ಕಾಲವಾಗಿತ್ತು, ಮಾತು ಸತ್ತಿರಲಿಲ್ಲ. ಭಾರತಿ ಹುಟ್ಟಿದ ದಿನ ಹಸುಗೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಅಂಬವ್ವ ಕೇಳಿದ್ದಳು: "ಇಂಥಾದ್ದನ್ನ ಯಾರರ ಬೇಕಂತ ಬಿಟ್ಟು ಹೋಗ್ತಾರೇನು, ಕರೆಮ್ಮ?" ಇವತ್ತು, ಎಂಬತ್ತು ವರ್ಷದ ಅದೇ ಮುದುಕಿಗೆ ತವರಿಲ್ಲವೆಂದು ಒಲೆ ಮುಂದೆ ಕೂತು ಹಂಗಿಸಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮಗಳು ಭಾರತಿಗೆ ಈಗ ಇಪ್ಪತ್ತೆರಡು. ಪಶುಸಖಿ ಎಂದು ಊರೂರು ತಿರುಗಿ ದನ, ಕುರಿಗಳಿಗೆ ಔಷಧ ಕುಡಿಸುವುದು, ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ಫೋನಿನಲ್ಲಿ ನಮೂದಿಸುವುದು ಅವಳ ಕೆಲಸ. ಸಂಜೆ ಮನೆಗೆ ಬಂದು ತಾಟು ನೋಡಿ ಕೇಳಿದಳು. ಕರೆಮ್ಮ ಒಂದೂ ಮುಚ್ಚಿಡದೆ ಹೇಳಿದಳು.

"ಹಂಗ ಅಂದೆಲ್ಲ ಅವ್ವ, ನಿನಗ ಹ್ಯಾಂಗ ಬಾಯಿ ಬಂತು?"

"ಬಂತು. ಈಗ ಏನ್ ಮಾಡ್ಲಿ ಅದನ್ನ ಹೇಳು."

ಅಜ್ಜಿಯನ್ನು ಆಯಿ ಎಂದು ಕರೆಯುವ ಭಾರತಿ ಫೋನ್ ಹೊರತೆಗೆದು ಹೇಳಿದಳು: "ನಾ ದಿನಾ ಕುರಿ ಕಿವೀನ ನೋಡ್ತೀನಿ. ಯಾದಗಿರಿ, ಶಹಾಪುರ, ಸುರಪುರ, ಎಲ್ಲಾ ಕಡಿ ಪಶುಸಖಿಯರು ಒಂದ ಗ್ರೂಪ್‌ನಾಗ ಇದ್ದೀವಿ. ಆಯಿ ಕುರಿ ಕಿವಿ ಫೋಟೋ ಹಾಕಿ, ಇಂಥಾ ಗುರುತು ಎಲ್ಲರ ಅದ ಏನಂತ ಕೇಳಿದ್ರ?"

"ಇಷ್ಟ ವರ್ಷದ ಮ್ಯಾಲ ಗುರುತು ಉಳದಿರ್ತದೇನು?"

"ನಮ್ದು ಉಳದಿಲ್ಲೇನು?"

ಊಟಕ್ಕೆ ಕುಳಿತಾಗ ಬಸವಂತನ ಕಿವಿಗೆ ಈ ಮಾತು ಬಿತ್ತು. ಬಸವಂತ ಕರೆಮ್ಮನ ಗಂಡ, ಅಂಬವ್ವನ ಒಬ್ಬನೇ ಮಗ. ಜೋರು ಮಾತಿನವನಲ್ಲ. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು, "ಬ್ಯಾಡ," ಅಂದ.

"ಯಾಕಪ್ಪ?"

"ಬ್ಯಾಡಂದ್ರ ಬ್ಯಾಡ. ಅವರು ಸಿಕ್ಕರ ನಲವತ್ತು ಕುರಿ ವಾಪಸ್ ಕೊಡಬೇಕಾಗ್ತದ."

"ಆಯಿಗಿಂತ ಕುರಿ ದೊಡ್ಡವೇನು ನಿನಗ?"

"ಸಣ್ಣಾಕಿ ಸಣ್ಣಾಕಿ ಹಂಗ ಇರು," ಎಂದು ಅರ್ಧ ಊಟಕ್ಕೇ ಎದ್ದುಹೋದ. ಕರೆಮ್ಮನಿಗೆ ಇದು ವಿಚಿತ್ರವೆನಿಸಿತು. ಗಂಡನಲ್ಲಿ ನೂರೆಂಟು ಹುಳುಕಿರಬಹುದು, ಆಸೆಬುರುಕತನ ಅವುಗಳಲ್ಲಿ ಇರಲಿಲ್ಲ. ಬಿಟ್ಟಿ ಬಂದ ಎಳೆ ಸವತೆಕಾಯಿಯನ್ನೂ ಓಣಿಗೆಲ್ಲ ಹಂಚಿ ಬರುವ ಆಸಾಮಿ ಅವನು.

ಭಾರತಿ ಮಾರನೆಯ ದಿನವೇ ಫೋಟೋ ಹಾಕಿದಳು. ಒಂದು ವಾರದಲ್ಲಿ ಉತ್ತರಗಳು ಬಂದವು. ಒಂದರಲ್ಲಿ ಗುರುತು ಎಡಗಿವಿಗಿತ್ತು, ಒಂದರಲ್ಲಿ ತುದಿ ಸೀಳಿರಲಿಲ್ಲ. ಒಬ್ಬಳು ಮೇಕೆಯ ಕಿವಿಯನ್ನೇ ಕಳಿಸಿದ್ದಳು. ಶಹಾಪುರದ ಹತ್ತಿರದ ಒಂದು ಹಳ್ಳಿಯಿಂದ ಬಂದ ಫೋಟೋ ಮಾತ್ರ ಕುರಿ ತಲೆ ಅಲ್ಲಾಡಿಸಿದ್ದರಿಂದ ಮಸುಕಾಗಿದ್ದರೂ ಹೌದೆನ್ನುವಂತಿತ್ತು.

ಆ ತನಕ ಅಂಬವ್ವ ಇದೆಲ್ಲ ತನಗೆ ಸಂಬಂಧವಿಲ್ಲ ಎಂಬಂತಿದ್ದಳು. ಸೊಸೆಯ ಜೊತೆ ಮಾತೂ ಬಿಟ್ಟಿದ್ದಳು. ಆ ಹಳ್ಳಿಗೆ ಹೊರಡುವ ದಿನ ನೋಡಿದರೆ ಬೆಳಗಾಗುವಷ್ಟರಲ್ಲಿ ಮಿಂದು, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟು, ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಬಸವಂತ ಹೊಲಕ್ಕೆ ಹೋಗುವ ನೆಪದಲ್ಲಿ ಮುಖ ತಪ್ಪಿಸಿಕೊಂಡ. ಮೂವರೂ ಹೆಂಗಸರು ಯಾದಗಿರಿಗೆ ಒಂದು ಬಸ್ಸು, ಶಹಾಪುರಕ್ಕೆ ಇನ್ನೊಂದು ಬಸ್ಸು, ಅಲ್ಲಿಂದ ಆಟೋ ಹಿಡಿದು ಆ ಹಳ್ಳಿ ಮುಟ್ಟಿದರು.

ಆ ಮನೆಯವರು ಒಳ್ಳೆಯವರು. ಕುರಿ ಹಿಡಿದು ತಂದು ಮುಂದೆ ನಿಲ್ಲಿಸಿದರು. ಅಂಬವ್ವ ಬಗ್ಗಿ ಅದರ ಕಿವಿಯನ್ನು ಬೆರಳುಗಳ ನಡುವೆ ಹಿಡಿದು ಅಂಚಿನಗುಂಟ ಸವರಿದಳು. ಇನ್ನೊಮ್ಮೆ ಸವರಿದಳು.

"ಮೂರು ಕಚ್ಚು ಅವ," ಅಂದಳು.

"ಮುದುಕಿ ಕಣ್ಣಿಗೆ ಸರಿಯಾಗಿ ಕಾಣ್ಸಿರಂಗಿಲ್ರಿ," ಅಂದ ಮನೆಯವನು.

"ಕಣ್ಣಿಂದಲ್ಲಪ್ಪ, ಕೈಲೆ ನೋಡೀನಿ. ನಮ್ದು ಎರಡು."

ಚಹಾ ಕುಡಿಸಿ ಕಳಿಸಿದರು. ಬುತ್ತಿ ಬಿಚ್ಚುವ ಮನಸ್ಸು ಯಾರಿಗೂ ಬರಲಿಲ್ಲ. ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಶಹಾಪುರದ ಗುಡ್ಡ ಕಂಡಿತು. ಅಂಬವ್ವ ಅದು ಮರೆಯಾಗುವವರೆಗೂ ಕತ್ತು ಹೊರಳಿಸಿ ನೋಡಿದಳು. ಆಮೇಲೆ ಎರಡೂವರೆ ವಾರದಲ್ಲಿ ಮೊದಲ ಸಲ ಸೊಸೆಯ ಜೊತೆ ಮಾತಾಡಿದಳು. "ನೀ ಅಂದದ್ದು ಖರೇನ ಅದ ಬಿಡು, ಕರೆಮ್ಮ. ಇಲ್ಲದ್ದಕ್ಕ ಇಲ್ಲ ಅಂದಿ." ಕರೆಮ್ಮ ಅತ್ತೆಯ ಕೈ ಹಿಡಿದುಕೊಂಡಳು.

ನಾಲ್ಕು ದಿನ ಕಳೆದ ಮೇಲೆ ಸುರಪುರದ ಕಡೆಯ ಲಾಲಮ್ಮ ಎಂಬ ಪಶುಸಖಿಯ ಧ್ವನಿ ಸಂದೇಶ ಬಂತು. ಭಾರತಿ ಅದನ್ನು ನಡುಮನೆಯಲ್ಲಿ ಜೋರಾಗಿ ಹಚ್ಚಿದಳು.

"ಭಾರತಿ ಅಕ್ಕಾರ, ನಮ್ಮ ಊರಾಗ ಖಂಡಪ್ಪ ಮುತ್ಯಾರ ಕುರಿಗಿ ಇದ ಗುರುತು ಅದ ನೋಡ್ರಿ. ಬಲಗಿವಿ ಸೀಳು, ಹಿಂದ ಎರಡ ಕಚ್ಚು. ಗದ್ದಲದ ವರ್ಷ ಅವರ ಮನಿ ಹುಡುಗಿ ಒಬ್ಬಾಕಿ ಕಳದಾಳಂತ್ರಿ. ನಿಮ್ಮ ಫೋಟೋ ತೋರಿಸಿದೆ, ಮುದುಕರು ಫೋನ್ ಕೈಯಾಗ ಹಿಡಕೊಂಡ ಕುಂತಾರ. ಜಲ್ದಿ ಬರ್ರಿ."

ಅಂಬವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹೊರಗಿನಿಂದ ಬಂದ ಬಸವಂತ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಯಾರೂ ಎಲ್ಲೂ ಹೋಗಾದಿಲ್ಲ," ಎಂದು ಚಪ್ಪಲಿ ಕೂಡ ಬಿಡದೆ ತಿರುಗಿ ಹೋದ.

ಕರೆಮ್ಮ ಬಿಡಲಿಲ್ಲ. ಅವನ ಹಿಂದೆಯೇ ದೊಡ್ಡಿಗೆ ಹೋಗಿ ಎದುರು ನಿಂತಳು.

"ನೋಡ್ರಿ, ಕುರಿ ಮಾತು ನನಗ ಹೇಳಬ್ಯಾಡ್ರಿ. ನಿಮ್ಮ ಕೂಡ ಇಪ್ಪತ್ತಾರು ವರ್ಷ ಬಾಳೇ ಮಾಡೀನಿ. ಹೊಟ್ಟ್ಯಾಗ ಏನದ ಅದನ್ನ ಹೇಳ್ರಿ."

ಬಸವಂತ ಹಗ್ಗ ಬಿಚ್ಚಿದ, ಮತ್ತೆ ಕಟ್ಟಿದ. "ಅಪ್ಪಗ ಮಾತ ಕೊಟ್ಟೀನಿ," ಅಂದ.

"ಏನಂತ?"

"ಅವ್ವನ ಮುಂದ ಹೇಳಂಗಿಲ್ಲಂತ. ಆರು ವರ್ಷದ ಹಿಂದ ಸಾಯೂ ಮುಂದ ಅಪ್ಪ ಹೇಳಿದ್ದ. ಅವ್ವಗ ಹನ್ನೆರಡು ವರ್ಷ ಇದ್ದಾಗ ಶಹಾಪುರ ಸಂತ್ಯಾಗ ಒಬ್ಬ ಮನಿಷ್ಯಾ ಬಂದಿದ್ನಂತ. ಒಂದೊಂದ ಹಿಂಡಿನ ಮುಂದ ನಿಂತು ಕೇಳಾಕತ್ತಿದ್ನಂತ. ಇಂಥಾ ಗುರುತಿನ ಮೂರು ಕುರಿ, ಒಂದು ಕೂಸು ನಿಮ್ಮ ಕಡಿ ಬಂದಿದ್ರ ಹೇಳ್ರಪ್ಪಾ, ಕುರಿ ನೀವ ಇಟಗೋರಿ, ಕೂಸು ಕೊಡ್ರಿ ಅಂತ. ಅಪ್ಪನ ಅಪ್ಪ, ನಮ್ಮ ಮುತ್ಯಾನ ಮುಂದೂ ಬಂದು ನಿಂತ. ಆ ಗುರುತಿನವು ಅವತ್ತ ಸಂತಿಗೆ ಒಯ್ದಿರಲಿಲ್ಲ, ಮುತ್ಯಾ ಇಲ್ಲ ಅಂದುಬಿಟ್ಟ. ಅಪ್ಪನ ಕೂಡ ಮದುವಿ ಮಾತು ಆಗಿತ್ತು, ಕೊಟ್ಟರ ಹೋಗೇ ಬಿಡ್ತಾಳಂತ ಅಂಜಿದ. ಅಪ್ಪ ಬಾಜೂಕ ನಿಂತಿದ್ದ, ಅವನೂ ಬಾಯಿ ಬಿಡಲಿಲ್ಲ."

ಕರೆಮ್ಮನಿಗೆ ಮೈಯೆಲ್ಲ ಉರಿಯಿತು. "ಹುಡುಕಿಕೊಂಡ ಬಂದಿದ್ರು. ಬಿಟ್ಟು ಹೋಗ್ಯಾರಂತ ಆಕಿ ಇಷ್ಟ ವರ್ಷ ಅತ್ತಾಳ, ನೀವು ಆರು ವರ್ಷದಿಂದ ಗೊತ್ತಿದ್ದೂ ಸುಮ್ಮ ಕುಂತೀರಿ?"

"ಅಪ್ಪನ ಹೆಸರು ಕೆಡ್ತದಂತ..."

"ನಿಮ್ಮಪ್ಪನ ಹೆಸರಿಗೆ ಈಗ ಊಟ ಬೇಕಿಲ್ಲ, ನೀರು ಬೇಕಿಲ್ಲ. ನಿಮ್ಮವ್ವ ಜೀವಂತ ಅದಾಳ. ನೀವ ಹೇಳ್ರಿ. ಇಲ್ಲಂದ್ರ ನಾ ಹೇಳ್ತೀನಿ."

ಅವನು ಹೇಳಿದ್ದು ಮಾರನೆಯ ಮಧ್ಯಾಹ್ನ ಊಟದ ಹೊತ್ತಿಗೆ. ಅಂಬವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಕುಳಿತಿದ್ದಳು. ಬಸವಂತ ತನ್ನ ತಾಟಿನ ಕಡೆಗೇ ನೋಡುತ್ತ ಎಲ್ಲವನ್ನೂ ಹೇಳಿ ಮುಗಿಸಿದ. ಕರೆಮ್ಮ ಅತ್ತೆ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಅಂಬವ್ವ ಕೇಳಿದ್ದು ಬೇರೆ.

"ಬಂದಿದ್ರಾ?"

"ಹೂಂ ಯವ್ವ."

"ಕುರಿ ನೀವ ಇಟಗೋರಿ, ಕೂಸು ಕೊಡ್ರಿ. ಹಂಗ ಅಂದ್ರಾ?"

"ಹೂಂ."

"ಇನ್ನೊಮ್ಮಿ ಹೇಳು."

ಬಸವಂತ ಇನ್ನೊಮ್ಮೆ ಹೇಳಿದ. ಅಂಬವ್ವ ಮತ್ತೆ ಹೇಳು ಅಂದಳು, ಅವನು ಮತ್ತೆ ಹೇಳಿದ. ಅಂಬವ್ವ ತಾಟಿನಲ್ಲೇ ಕೈ ತೊಳೆದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕರೆಮ್ಮನಿಗೆ ಮೊದಲು ತಿಳಿಯಲಿಲ್ಲ, ಎರಡೂ ಇತ್ತು.

ಸಿಟ್ಟು ಆಮೇಲೆ ಬಂತು. ಮೂರು ದಿನ ಮಗನ ಕೈಯಿಂದ ಒಂದು ಚರಿಗೆ ನೀರನ್ನೂ ಮುಟ್ಟಲಿಲ್ಲ. ಅವನು ಪಡಸಾಲೆಗೆ ಬಂದರೆ ಅವಳು ಒಳಗೆ, ಒಳಗೆ ಬಂದರೆ ಹಿತ್ತಿಲಿಗೆ. ಬಸವಂತ ಎಣಿಸಿಕೊಂಡು ತಿನ್ನುವವನಂತೆ ಒಂದೂವರೆ ರೊಟ್ಟಿಗೇ ಎದ್ದುಬಿಡುತ್ತಿದ್ದ. ನಾಲ್ಕನೆಯ ದಿನ ಅಂಬವ್ವನೇ ಅವನನ್ನು ಕರೆದಳು.

"ನಿಮ್ಮ ಮುತ್ಯಾ ಮಣ್ಣಾಗ್ಯಾನ, ನಿಮ್ಮಪ್ಪನೂ ಮಣ್ಣಾಗ್ಯಾನ. ಯಾರ ಕೂಡ ಜಗಳಾಡ್ಲಿ ನಾನು? ನೀ ಒಬ್ಬಾಂವ ಉಳದೀದಿ. ನಿನ್ನ ಕೂಡ ಸಾಯೂತನಕ ಆಡ್ತೀನಿ, ಆದ್ರ ಈಗಲ್ಲ. ಹೋಗು, ಗಾಡಿ ತರಸು."

ಬಸವಂತ ಟೆಂಪೊ ತರಿಸಿದ. ಹಿಂದೆ ಆ ಗುರುತಿನ ಮೂರು ಕುರಿಗಳನ್ನೂ ಏರಿಸಿದ. ಯಾಕೆಂದು ಯಾರೂ ಕೇಳಲಿಲ್ಲ. ಯಾದಗಿರಿ, ಶಹಾಪುರ ದಾಟಿ ಸುರಪುರ ಬಂತು. ಅಲ್ಲಿಂದ ನಾರಾಯಣಪುರದ ದಾರಿ ಹಿಡಿದರೆ ಕಾಲುವೆ ನೀರಿಗೆ ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ಅಂಬವ್ವ ದಾರಿಯುದ್ದಕ್ಕೂ ಒಂದೇ ಕೇಳಿದಳು: "ಬಂದಾಂವ ಅಪ್ಪನ ಇರಬೇಕಲ್ಲ?"

ಖಂಡಪ್ಪನಿಗೆ ಎಂಬತ್ತೈದು ದಾಟಿತ್ತು. ಮನೆ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕಾಯುತ್ತಿದ್ದ. ಬೆಳಿಗ್ಗೆಯಿಂದ ಒಳಗೆ ಬಂದಿಲ್ಲವೆಂದು ಅವನ ಸೊಸೆ ಹೇಳಿದಳು. ಅಂಬವ್ವ ಟೆಂಪೊ ಇಳಿದು ನಿಂತಳು. ಅವನು ಎದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುರುತು ಹಿಡಿಯಲು ಇಬ್ಬರ ಮುಖದಲ್ಲೂ ಏನೂ ಉಳಿದಿರಲಿಲ್ಲ.

"ಸುಂದ್ರಿ," ಅಂದ ಮುದುಕ.

"ನನ್ನ ಹೆಸರೇನು ಅದು?"

"ಸುಂದ್ರಮ್ಮ. ಸುಂದ್ರಿ ಅಂತಿದ್ವಿ."

ಅಂಬವ್ವ ಆ ಹೆಸರನ್ನು ಬಾಯೊಳಗೇ ಎರಡು ಸಲ ಅಂದು ನೋಡಿಕೊಂಡಳು. "ನನಗ ಏನೂ ನೆನಪಿಲ್ಲ."

"ನನಗ ಅದ. ನಾನು ನಿನ್ನ ಅಣ್ಣ. ಅಪ್ಪ ನಿನ್ನ ನನ್ನ ಕೈಯಾಗ ಕೊಟ್ಟು ಕತ್ತಿ ಮ್ಯಾಲ ಕುಂದ್ರಸು ಅಂದ. ನನಗಾಗ ಒಂಬತ್ತು ವರ್ಷ. ಕತ್ತಲಿತ್ತು, ಅಂಜಿಕಿ ಬಂದಿತ್ತು. ನಮ್ಮ ಕತ್ತಿ ಅಂತ ತಿಳದು ಅವರ ಕತ್ತಿ ಮ್ಯಾಲ ಕುಂದ್ರಿಸಿದೆ. ಕಂಬಳಿ ನಾನ ಹೊಚ್ಚೀನಿ. ಥಂಡಿ ಆದೀತಂತ ಮಗ್ಗಲಾಗ ಇನ್ನೊಂದು ಮರಿ ನಾನ ಇಟ್ಟೀನಿ." ಮುದುಕ ಬಗ್ಗಿ ಕಟ್ಟೆಯ ಮೇಲಿನ ಕಂಬಳಿಯ ಅಂಚು ಎಳೆದು ಸರಿಮಾಡಿದ. "ಅಪ್ಪ ನನಗ ಒಂದ ಏಟೂ ಹೊಡೀಲಿಲ್ಲ ಸುಂದ್ರಿ. ಹೊಡದಿದ್ರ ಚಲೋ ಇತ್ತು."

"ಬೇಕಂತ ಬಿಟ್ಟಿಲ್ಲ?"

"ಬೇಕಂತನಾ? ಅಪ್ಪ ಹನ್ನೊಂದು ವರ್ಷ ಸಂತಿ ಸಂತಿ ತಿರುಗ್ಯಾನ."

"ಅವ್ವ?"

"ಅವ್ವ ಹೋಗಿ ನಲವತ್ತು ವರ್ಷ ಆತು. ಪಂಚಮಿ ದಿನ ಹುತ್ತಿಗೆ ಹಾಲೆರೆವಾಗ ಅಪ್ಪನ ಪಾಲು, ಅಣ್ಣನ ಪಾಲು ಅಂತ ಎಲ್ಲಾರದು ಆದ ಮ್ಯಾಲ ಸುಂದ್ರಿ ಪಾಲು ಅಂತ ಎರೀತಿದ್ಳು. ಸತ್ತಾಳ, ಬಿಡು ಅಂದ್ರ ಮಂದಿ ಮ್ಯಾಲ ಹರಿಹಾಯ್ತಿದ್ಳು. ಈಗ ನಮ್ಮ ಸೊಸಿ ಎರೀತಾಳ. ಈಕಿಗೆ ಸುಂದ್ರಿ ಯಾರಂತ ಮೊನ್ನಿತನಕ ಗೊತ್ತಿರ್ಲಿಲ್ಲ."

ಅಂಬವ್ವ ಕಟ್ಟೆಯ ಮೇಲೆ ಕುಸಿದು ಕುಳಿತು ಹಾಡಾಡಿಕೊಂಡು ಅತ್ತಳು. ಕರೆಮ್ಮ ಅತ್ತೆಯನ್ನು ಹಾಗೆ ಎಂದೂ ನೋಡಿರಲಿಲ್ಲ. ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಅವ್ವನ ಮುಖ ಹೇಗಿತ್ತು ಅಣ್ಣ, ಕಪ್ಪಗಿದ್ದಳೋ ಕೆಂಪಗಿದ್ದಳೋ ಎಂದು ನಡುನಡುವೆ ಕೇಳುತ್ತಿದ್ದಳು. ಖಂಡಪ್ಪ ಹೇಳುತ್ತಿದ್ದ. ಹೇಳಿದಷ್ಟೂ ಅವಳಿಗೆ ಸಾಲಲಿಲ್ಲ. ಫೋಟೋ ಅಂತ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಬಸವಂತ ಸೋದರಮಾವನ ಕಾಲು ಹಿಡಿದು ಸಂತೆಯ ಸಂಗತಿ ಹೇಳಿದ. "ತಪ್ಪು ನಮ್ಮ ಮನಿದು, ಮಾವ. ನಿಮ್ಮ ಕುರಿ ನಲವತ್ತು ಆಗ್ಯಾವ. ಮೂರು ತಂದೀನಿ, ಉಳಿದವು ಮುಟ್ಟಸ್ತೀನಿ."

ಖಂಡಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಸಿಟ್ಟು ಬಂದದ್ದು ಅವನ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಅಂದ: "ಕುರಿ ನಿಮ್ಮವು ಅಂತ ನಮ್ಮಪ್ಪ ಸಂತ್ಯಾಗ ನಿಂತು ಹೇಳ್ಯಾನ. ಅವನ ಮಾತು ನಾ ತಿರುಗಸಂಗಿಲ್ಲ, ಒಯ್ಯಿ. ಇನ್ನೊಂದು ಮಾತೂ ಅಂದಾನಲ್ಲ, ಅದನ್ನ ನಡಸು. ಪಂಚಮಿಗೆ ಕರೆಯಾಕ ಬರ್ತೀನಿ. ಕೂಸು ಕೊಡು."

ಅವತ್ತು ಅಂಬವ್ವ ಅಲ್ಲಿ ಉಳಿಯಲಿಲ್ಲ. ಹಬ್ಬಕ್ಕೆ ಅಣ್ಣ ಬಂದು ಕರೆದೊಯ್ಯಬೇಕು, ತಾನಾಗಿ ಹೋಗಿ ಕೂರುವುದಲ್ಲ ಎಂದು ಹಟ ಹಿಡಿದು ಹಿಂದಿರುಗಿದಳು. ಉಳಿದದ್ದು ಎಂಟು ದಿನ. ಅಣ್ಣ ಬರುವವರೆಗೂ ಮನೆಯಲ್ಲಿ ಮೊಣಕಾಲಿನ ಸುದ್ದಿಯೇ ಇರಲಿಲ್ಲ. ಅಂಬವ್ವ ಪೆಟ್ಟಿಗೆ ತೆಗೆದು ಮುಚ್ಚಿ, ಮುಚ್ಚಿ ತೆಗೆದು, ಇದ್ದ ನಾಲ್ಕು ಸೀರೆಯನ್ನು ಮಡಚುತ್ತಿದ್ದಳು. "ಎಂಬತ್ತೈದು ವರ್ಷದ ಮನಿಷ್ಯಾ, ಅಷ್ಟ ದೂರದಿಂದ ಬರ್ತಾನೇನು?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಕರೆಮ್ಮ ಶೇಂಗಾ ಹುರಿದು, ಎಳ್ಳು ಹುರಿದು, ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟುತ್ತ, "ಬರ್ತಾರ ಸುಮ್ಮ ಇರ್ರಿ," ಅನ್ನುತ್ತಿದ್ದಳು. ಒಮ್ಮೆ ಅಂಬವ್ವ ಅವಳ ಪಕ್ಕ ಬಂದು ಕುಳಿತು ತಾನೂ ಒಂದು ಉಂಡಿ ಕಟ್ಟಿದಳು.

"ನೀ ಹೋಗೂ ಮುಂದ ನನಗ ಹೊಟ್ಟಿ ಉರೀತಿತ್ತು, ಕರೆಮ್ಮ. ನಿನ್ನ ಅಣ್ಣನ ಗಾಡಿ ಸಪ್ಪಳ ಕೇಳಿದ್ರ ಎದಿಯಾಗ ಬೆಂಕಿ ಬೀಳ್ತಿತ್ತು. ಈಗ ಹೇಳ್ತೀನಿ."

"ಗೊತ್ತಿತ್ರಿ."

"ಗೊತ್ತಿತ್ತಂದ್ರ ಯಾಕ ಜಗಳಾಡ್ತಿದ್ದಿ?"

"ನನಗೂ ಹೊಟ್ಟಿ ಅದಲ್ರಿ."

ಪಂಚಮಿಗೆ ಎರಡು ದಿನ ಮುಂಚೆ ಖಂಡಪ್ಪ ಬಂದ. ಮಗನ ಜೀಪಿನಲ್ಲಿ, ಮುಂದಿನ ಸೀಟಿನಲ್ಲಿ, ಹೊಸ ರುಮಾಲು ಸುತ್ತಿಕೊಂಡು. ಓಣಿಯ ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಅಂಬವ್ವ ಯಾರ ಮುಖವನ್ನೂ ನೋಡದೆ, ಹೊಸದಾಗಿ ಮದುವೆಯಾದವಳಂತೆ ತಲೆ ತಗ್ಗಿಸಿ ಜೀಪು ಹತ್ತಿದಳು. ಜೊತೆಗೆ ಭಾರತಿ ಹೋದಳು. "ಎರಡ ದಿನ, ಹಬ್ಬ ಮುಗದ ಕೂಡ್ಲೆ ಬರ್ತೀನಿ," ಎಂದು ಅಂಬವ್ವ ಸೊಸೆಗೆ ಹೇಳಿದಳು.

ಹಣಮಂತ್ರಾಯ ಬಂದದ್ದು ಮರುದಿನ. ಮೋಟಾರ್ ಸೈಕಲ್ ನಿಲ್ಲಿಸಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕರೆಮ್ಮನ ಫೋನ್ ಬಡಿದುಕೊಂಡಿತು. ಭಾರತಿಯ ನಂಬರು, ಅಂಬವ್ವನ ದನಿ. ಹಿಂದೆ ಮಂದಿಯ ಗದ್ದಲ, ಜೋಕಾಲಿಯ ಕಿರುಗುಟ್ಟುವಿಕೆ.

"ಕರೆಮ್ಮ, ನಾ ಇನ್ನ ನಾಕ ದಿನ ಬಿಟ್ಟ ಬರ್ಲೇನು? ಅಣ್ಣ ಬಿಡವಲ್ಲ."

ಅಣ್ಣ ಬಿಡವಲ್ಲ. ಇಪ್ಪತ್ತಾರು ವರ್ಷ ಕರೆಮ್ಮ ಇದೇ ಮಾತು ಹೇಳಿ, ಇದೇ ಮುದುಕಿಯಿಂದ ಬೈಸಿಕೊಂಡಿದ್ದಳು. ತಿರುಗಿಸಿ ಕೊಡುವ ಆಸೆ ಒಂದು ಗಳಿಗೆ ನಾಲಿಗೆಯ ತುದಿಗೆ ಬಂತು.

"ಎರಡ ದಿನ ಅಂದಿದ್ರಲ್ರಿ?"

ಅಂಬವ್ವ, ಸಣ್ಣ ಹುಡುಗಿ ಕೇಳುವಂತೆ, ಕೇಳಿದಳು: "ಹಂಗಾದ್ರ ಬರ್ಲೇನು?"

ಕರೆಮ್ಮನ ಕಣ್ಣಲ್ಲಿ ಫಳಕ್ಕನೆ ನೀರು ಬಂತು. "ಬ್ಯಾಡ್ರಿ ಅತ್ತಿ. ಇರ್ರಿ. ಮನಸ್ಸು ತುಂಬೂತನಕ ಇದ್ದು ಬರ್ರಿ. ಇಲ್ಲಿ ನಾ ಅದೀನಿ."

ಹಣಮಂತ್ರಾಯ ನೀರು ಕುಡಿದು ಚರಿಗೆ ಕೆಳಗಿಟ್ಟ. ಪ್ರತಿ ವರ್ಷದಂತೆ ಪಡಸಾಲೆಯ ಕಡೆ ಹೆದರುತ್ತ ನೋಡಿ ಮೆಲ್ಲಗೆ ಕೇಳಿದ. "ನಡಿ ತಂಗಿ, ಜಲ್ದಿ ಹೊಂಡು. ಈ ಸಲ ಮುದುಕಿಗೆ ಏನ ಆಗ್ಯದ?"

"ನಾ ಬರಂಗಿಲ್ಲಣ್ಣ ಈ ಸಲ," ಅಂದಳು ಕರೆಮ್ಮ. "ಕುರಿ ಅವ, ಹೊಲ ಅದ, ಮನ್ಯಾಗ ಹೆಣ್ಣಮಕ್ಕಳು ಯಾರೂ ಇಲ್ಲ. ನಮ್ಮತ್ತಿ ತವರಿಗೆ ಹೋಗ್ಯಾರ."

ಆ ಮನೆಯಲ್ಲಿ ಯಾರೂ ಎಂದೂ ಆಡದ ಮಾತು ಅದು. ಹಣಮಂತ್ರಾಯ ಅರ್ಥವಾಗದೆ ಏನಂದಿ ಎಂದು ಕೇಳಿದ. ಕರೆಮ್ಮ ಹೊಸ್ತಿಲಿಗೆ ಬಂದು ನಿಂತು, ಓಣಿಗೆಲ್ಲ ಕೇಳುವ ಹಾಗೆ, ಇನ್ನೊಮ್ಮೆ ಹೇಳಿದಳು.